ಕಿವಿಗೊಂದು ಬಾಗಿಲು

ಕಣ್ಣಿಗೆ ರೆಪ್ಪೆ ಕೊಟ್ಟ, ಬಾಯಿಗೆ ತುಟಿ ಕೊಟ್ಟ, ಕಿವಿಗೆ ಮಾತ್ರ ಏನೂ ಕೊಡದೆ ಹಾಗೇ ತೆರೆದು ಬಿಟ್ಟ! ಸೃಷ್ಟಿಕರ್ತನ ಈ ಅರೆಬರೆ ಕೆಲಸವನ್ನು ನಾನು ಪೂರ್ತಿ ಮಾಡಿಕೊಡುತ್ತೇನೆ ಎಂದು ಒಂದು ಸೋಮವಾರ ಬೆಳಿಗ್ಗೆ, ಹಲ್ಲುಜ್ಜುತ್ತಾ ಘೋಷಿಸಿದೆ. ಹಾಗೆ ಘೋಷಿಸುವ ಅಧಿಕಾರ ನನಗಿತ್ತು. ಇಪ್ಪತ್ತೆರಡು ವರ್ಷದಿಂದ ನಾನು ಮಾಡುತ್ತಾ ಬಂದಿರುವುದೇ ಬಾಗಿಲು. ಊರಿನ ಅರ್ಧ ಜನ ನನ್ನ ಬಾಗಿಲು ತಳ್ಳಿಕೊಂಡೇ ಒಳಗೆ ಹೋಗುತ್ತಾರೆ, ಜಗಳವಾದಾಗ ನನ್ನ ಬಾಗಿಲನ್ನೇ ದಢಾರೆಂದು ಹಾಕಿಕೊಳ್ಳುತ್ತಾರೆ. ಅಷ್ಟೆತ್ತರದ ಬಾಗಿಲು ಮಾಡಿದವನಿಗೆ ಅಂಗೈಯಗಲದ ಎರಡು ಬಾಗಿಲು ಯಾವ ಲೆಕ್ಕ!

ಹೆಂಡತಿ ಎದುರಿಗೆ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. "ಮೊದ್ಲು ಆ ನೊರೆ ಉಗೀರಿ. ಏನು ಹೇಳ್ತಿದೀರೋ ಒಂದೂ ಗೊತ್ತಾಗ್ತಿಲ್ಲ," ಎಂದಳು. ಉಗಿದು, ಬಾಯಿ ತೊಳೆದು, ಎರಡನೇ ಸಲ ಘೋಷಿಸಿದೆ. ಎರಡನೇ ಸಲಕ್ಕೆ ಯಾವ ಘೋಷಣೆಗೂ ಮೊದಲಿನ ಖದರು ಇರುವುದಿಲ್ಲ. ಆದರೂ ಅವಳು ತಲೆಯಾಡಿಸಿ ಒಪ್ಪಿಗೆ ಕೊಟ್ಟಳು.

ನಮ್ಮ ಮನೆಯ ಮುಂದಿನ ಅರ್ಧ ಸಂಸಾರ, ಹಿಂದಿನ ಅರ್ಧ ವರ್ಕ್‌ಶಾಪು. ಎರಡರ ನಡುವೆ ಬಾಗಿಲು ಹಾಕಬೇಕೆಂದು ಇಪ್ಪತ್ತೆರಡು ವರ್ಷದಿಂದ ಅಂದುಕೊಂಡಿದ್ದೇನೆ, ಸದ್ಯಕ್ಕೆ ಒಂದು ಗೋಣಿತಟ್ಟು ನೇತಾಡುತ್ತಿದೆ. ವರ್ಕ್‌ಶಾಪಿನಲ್ಲಿ ಎರಡು ಮಿಷನ್ನುಗಳಿವೆ. ಒಂದು ಹಲಗೆ ಸೀಳುವ ಗರಗಸ, ಇನ್ನೊಂದು ಹಲಗೆ ಹೆರೆಯುವ ಪ್ಲೇನರ್. ಗರಗಸ ಕಿರುಚುತ್ತದೆ, ಪ್ಲೇನರ್ ಊಳಿಡುತ್ತದೆ. ಪ್ಲೇನರಿನ ಈ ಬದಿಯಿಂದ ನಾನು ಹಲಗೆ ತಳ್ಳುತ್ತೇನೆ, ಆ ಬದಿಯಲ್ಲಿ ಹೆಂಡತಿ ನಿಂತು ಹೊರಬಂದದ್ದನ್ನು ಹಿಡಿದು ಎಳೆದುಕೊಳ್ಳುತ್ತಾಳೆ. ಆಮೇಲೆ ಉಪ್ಪುಕಾಗದ ಹಾಕಿ ಉಜ್ಜಿ ನುಣುಪು ಮಾಡುವುದೂ ಅವಳೇ. ಮದುವೆಯಾದ ಮೂರನೇ ತಿಂಗಳಿನಿಂದ ಹೀಗೇ ನಡೆದಿದೆ.

ಆ ಗಲಾಟೆಯಲ್ಲಿ ಮಾತು ಎಲ್ಲಿಂದ ಕೇಳಿಸಬೇಕು? ಅದಕ್ಕೆ ನಾವಿಬ್ಬರೂ ಕೈಸನ್ನೆಯ ಒಂದು ಭಾಷೆಯನ್ನೇ ಕಟ್ಟಿಕೊಂಡಿದ್ದೇವೆ. ಅಂಗೈ ಮಗುಚಿದರೆ ಹಲಗೆ ತಿರುವು, ಮುಷ್ಟಿ ಹಿಡಿದರೆ ನಿಲ್ಲಿಸು, ಹುಬ್ಬು ಹಾರಿಸಿದರೆ ಇನ್ನೆಷ್ಟಿದೆ, ಹೊಟ್ಟೆ ತಟ್ಟಿದರೆ ಊಟ. ಬರುಬರುತ್ತಾ ಈ ಭಾಷೆ ಗೋಣಿತಟ್ಟು ದಾಟಿ ಮನೆಯೊಳಗೂ ಬಂತು. ಊಟಕ್ಕೆ ಕೂತಾಗ ನಾನು ಅಂಗೈ ಮಗುಚಿದರೆ ಸಾಕು, ತಟ್ಟೆಗೆ ಅನ್ನ ಬೀಳುತ್ತದೆ. ನೆಂಟರಿಷ್ಟರೆಲ್ಲ ಬೆರಗಾಗುತ್ತಿದ್ದರು. "ಗಂಡ ಹೆಂಡತಿ ಅಂದ್ರೆ ಹೀಗಿರಬೇಕು, ಬಾಯೇ ಬಿಡೋ ಹಾಗಿಲ್ಲ, ಕಣ್ಣಲ್ಲೇ ಎಲ್ಲ ತಿಳ್ಕೋತಾರೆ," ಎನ್ನುತ್ತಿದ್ದರು. ನಾನು ಮೀಸೆಯಡಿ ನಕ್ಕು, ಅದೆಲ್ಲ ನನ್ನ ತರಬೇತಿ ಎಂಬಂತೆ ಎದೆ ಸೆಟೆಸುತ್ತಿದ್ದೆ.

ಇಂಥ ಸುಖಸಂಸಾರಕ್ಕೆ ವಿಘ್ನವಾಗಿ ನನ್ನ ಬಲಗಿವಿಯಲ್ಲಿ ಒಂದು 'ಗುಂಯ್' ಬಂದು ಸೇರಿಕೊಂಡಿತು. ಮಿಷನ್ ಆರಿಸಿದರೂ ಅದು ಆರುತ್ತಿರಲಿಲ್ಲ. ಕಿವಿ ಡಾಕ್ಟರ ಹತ್ತಿರ ಹೋದೆವು. ಒಂದು ಗಾಜಿನ ಗೂಡಿನಲ್ಲಿ ಕೂರಿಸಿ, ಶಬ್ದ ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಒತ್ತಿದೆ. ಕೊನೆಗೆ ಡಾಕ್ಟರು ಒಂದು ಕಾಗದ ಮುಂದಿಟ್ಟರು. ಅದರ ಮೇಲೆ ಒಂದು ಗೆರೆ ಎಡದಿಂದ ಹೊರಟು, ಸ್ವಲ್ಪ ದೂರ ನೆಟ್ಟಗೆ ನಡೆದು, ಆಮೇಲೆ ಬಾವಿಗೆ ಹಾರಿದ ಹಾಗೆ ಕೆಳಗೆ ಬಿದ್ದಿತ್ತು. ಬಲಗಿವಿಯಲ್ಲಿ ಅರ್ಧ ಹೋಗಿದೆ, ಎಡಗಿವಿಯಲ್ಲಿ ಕಾಲುಭಾಗ, ಹೋದದ್ದು ತಿರುಗಿ ಬರುವುದಿಲ್ಲ, ಮಿಷನ್ ಓಡುವಾಗ ಕಿವಿ ಮುಚ್ಚಿಕೊಳ್ಳದಿದ್ದರೆ ಉಳಿದದ್ದೂ ಹೋಗುತ್ತದೆ ಎಂದರು. ಪಕ್ಕದ ಕುರ್ಚಿಯಲ್ಲಿ ಹೆಂಡತಿ ಮಡಿಲಲ್ಲಿ ಚೀಲ ಇಟ್ಟುಕೊಂಡು, ಡಾಕ್ಟರ ಮುಖದಿಂದ ಕಣ್ಣು ಕೀಳದೆ ಕೂತಿದ್ದಳು. ನನ್ನ ಕಿವಿಯ ಬಗ್ಗೆ ಎಂಥ ಕಾಳಜಿ ಎಂದು ನನ್ನ ಮನಸ್ಸು ತುಂಬಿ ಬಂತು.

ಕಿವಿ ಮುಚ್ಚುವ ಸಾಧನ ಕೊಂಡು ತಂದೆ. ತಲೆಯ ಮೇಲೆ ಹಾದುಹೋಗುವ ಒಂದು ಪಟ್ಟಿ, ಎರಡು ತುದಿಗೆ ಎರಡು ಗಟ್ಟಿ ಬಟ್ಟಲು, ಬಟ್ಟಲ ಅಂಚಿಗೆ ಮೆತ್ತೆ. ನಾನು ಅದಕ್ಕೆ ಕಿವಿಚಿಪ್ಪು ಎಂದು ಹೆಸರಿಟ್ಟೆ. ಹಾಕಿಕೊಂಡು ಪ್ಲೇನರ್ ಓಡಿಸಿದರೆ ಅಬ್ಬಾ, ಊಳಿಡುತ್ತಿದ್ದ ಮಿಷನ್ನು ಪಕ್ಕದ ಮನೆಯಲ್ಲಿ ಗೊರಕೆ ಹೊಡೆಯುತ್ತಿರುವಂತಾಯಿತು! ಆದರೆ ಅರ್ಧ ದಿನಕ್ಕೇ ಬೇಸತ್ತುಹೋದೆ. ನನ್ನ ಉಸಿರು ನನಗೇ ಕೇಳಿಸುತ್ತಿತ್ತು, ಹಲ್ಲು ಕಡಿಯುವುದು ಕೇಳಿಸುತ್ತಿತ್ತು, ಜೊತೆಗೆ ಆ 'ಗುಂಯ್'. ಅದರೊಂದಿಗೆ ಒಂದೇ ಕೋಣೆಯಲ್ಲಿ ಕೂಡಿಹಾಕಿದಂತಿತ್ತು. ನಾನೋ ಹಾಡಿಲ್ಲದೆ ಒಂದು ಮೊಳೆಯನ್ನೂ ಹೊಡೆಯದ ಮನುಷ್ಯ. ಹಾಗಾಗಿ ಕಿವಿಚಿಪ್ಪಿನೊಳಗೇ ಹಾಡು ಬರುವಂತೆ ಮಾಡಿಕೊಳ್ಳುವುದೆಂದು ತೀರ್ಮಾನಿಸಿದೆ. ಅಂಥದ್ದು ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಾಗಿಲು ಮಾಡುವವನು ಬಾಗಿಲು ಕೊಳ್ಳುತ್ತಾನೆಯೇ? ಮರ್ಯಾದೆ ಪ್ರಶ್ನೆ!

ಸಲಹೆಗೆಂದು ಬೀದಿ ಕೊನೆಯ ರೇಡಿಯೋ ರಿಪೇರಿಯವನ ಹತ್ತಿರ ಹೋದೆ. ಎಲ್ಲರೂ ಅವನನ್ನು ತಂತಿರಾಯ ಎನ್ನುತ್ತಾರೆ. ಯಾರದೋ ಹಳೆಯ ಹೆಡ್‌ಫೋನಿನಿಂದ ಅವನು ಎರಡು ಪುಟ್ಟ ಸ್ಪೀಕರ್ ಬಿಚ್ಚಿಕೊಟ್ಟ, ಬಿಲ್ಲೆಯಷ್ಟೇ ಇದ್ದವು. ಕಿವಿಚಿಪ್ಪಿನ ಒಳಗಿನ ಸ್ಪಂಜು ತೆಗೆದು, ಇವನ್ನು ಕೂರಿಸಿ, ಮೇಲೆ ಮತ್ತೆ ಸ್ಪಂಜು ಮುಚ್ಚು, ತಂತಿ ಹೊರಬರಲು ಸೂಜಿ ತೂರುವಷ್ಟು ತೂತು ಮಾಡಿ ಮೇಣ ತುಂಬು ಎಂದ. ತೂತು ದೊಡ್ಡದಾದರೆ ಹೊರಗಿನ ಶಬ್ದವೆಲ್ಲ ಅಲ್ಲಿಂದಲೇ ನುಗ್ಗುತ್ತದೆ ಎಂದು ಎರಡು ಸಲ ಹೇಳಿದ. ನನಗೆ ತೂತಿನ ಪಾಠ ಹೇಳುತ್ತಾನಲ್ಲ ಎಂದು ಒಳಗೇ ನಕ್ಕೆ.

ಮನೆಗೆ ಬಂದು ನೋಡಿದರೆ ನನ್ನಲ್ಲಿದ್ದದ್ದು ಚಿಲಕ ಕೂರಿಸುವ ಬೈರಿಗೆ. ಅದರ ಅತಿ ಸಣ್ಣ ತೂತಿನಲ್ಲಿ ಹೆಬ್ಬೆರಳು ಹೋಗುತ್ತದೆ. ಹೋದರೆ ಹೋಗಲಿ ಎಂದು ಹಾಕಿದೆ. ಬಟ್ಟಲು ಎರಡು ಹೋಳಾಗಿ, ಒಂದು ಹೋಳು ಹಾರಿ ಗಡಿಯಾರದ ಗಾಜಿಗೆ ಬಡಿಯಿತು. ಗಡಿಯಾರ ಅಲ್ಲಿಗೇ ನಿಂತಿತು. ಮೊದಲನೇ ಜೊತೆ ಹೀಗೆ ಪರಂಧಾಮ ಸೇರಿತು!

ಎರಡನೇ ಜೊತೆ ತಂದೆ. ಈ ಸಲ ಸಣ್ಣ ಮೊಳೆ ಕಾಯಿಸಿ ತೂತು ಮಾಡಿದೆ, ಸ್ಪೀಕರ್ ಕೂರಿಸಿದೆ, ತಂತಿ ಬೆಸೆದು ಅದರ ತುದಿಯನ್ನು ಸ್ವಂತ ದನಿಯಿಲ್ಲದ ಒಂದು ಪುಟ್ಟ ಹಾಡಿನ ಪೆಟ್ಟಿಗೆಗೆ ಸಿಕ್ಕಿಸಿದೆ, ಮೆತ್ತೆಗೆ ನಮ್ಮ ಬಾಗಿಲಿನ ಅಂಟನ್ನೇ ಬಳಿದೆ. ಒಂದು ರಾತ್ರಿ ಒಣಗಲು ಬಿಡಬೇಕಾದ ಅಂಟು ಅದು. ಒಂದು ನಿಮಿಷ ಹಾಕಿ ನೋಡಿದರೆ ಏನು ಮಹಾ ಎಂದು ತಲೆಗೇರಿಸಿದೆ. ಹಾಡು ಸೊಗಸಾಗಿ ಬಂತು. ಇನ್ನೊಂದು ಹಾಡು ಕೇಳೋಣ ಎನಿಸಿತು. ಇನ್ನೊಂದು. ತೆಗೆಯಲು ಹೋದಾಗ ಅದು ಬರಲಿಲ್ಲ. ಕಿವಿಯ ಸುತ್ತಲ ಕೂದಲು, ಮೆತ್ತೆ, ಅಂಟು ಮೂರೂ ಒಂದೇ ಜೀವವಾಗಿದ್ದವು. ಬಾಗಿಲು ಮುರಿದರೂ ನಮ್ಮ ಅಂಟು ಬಿಡುವುದಿಲ್ಲ ಎಂದು ಗಿರಾಕಿಗಳಿಗೆ ಹೇಳುತ್ತಿದ್ದೆ, ಅದು ಸುಳ್ಳಲ್ಲವೆಂದು ಅಂದು ಗೊತ್ತಾಯಿತು.

ಹೆಂಡತಿಯನ್ನು ಕೂಗಿದೆ. ಗೋಣಿತಟ್ಟಿನ ಆಚೆ ಐದೇ ಹೆಜ್ಜೆಯಲ್ಲಿ ಅಡುಗೆಮನೆ. ಮಿಷನ್ನೂ ಓಡುತ್ತಿರಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತು, ಅವಳು ಬರಲಿಲ್ಲ. ಕೊನೆಗೆ ನಾನೇ ಹೋಗಿ ಅವಳ ಮುಂದೆ ಕಾಲು ಅಪ್ಪಳಿಸಿ ನಿಂತೆ.

"ನಿಂಗೇನು ಕಿವಿ ಕೇಳ್ಸಲ್ವಾ? ಎಷ್ಟೊತ್ತಿಂದ ಬಡ್ಕೋತಿದೀನಿ!"

ಅವಳು ನನ್ನ ಅವತಾರ ನೋಡಿ ನಕ್ಕಳು. ನಗುತ್ತಲೇ ಎಣ್ಣೆ ತಂದು ಕಿವಿಯ ಸುತ್ತ ಬಿಸಿಬಿಸಿಯಾಗಿ ಹಚ್ಚಿದಳು, ಕತ್ತರಿ ತಂದು ಒಂದೊಂದೇ ಕೂದಲು ಕತ್ತರಿಸಿ ಬಿಡಿಸಿದಳು. ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯೂ ನಾನು ಬೈಯುತ್ತಿದ್ದೆ, ಅವಳು ಒಂದಕ್ಕೂ ಎದುರಾಡಲಿಲ್ಲ. ಕಿವಿಯ ಮೇಲೆ ಎರಡೂ ಕಡೆ ಅರ್ಧಚಂದ್ರಾಕಾರದ ಬೋಳು ಮೂಡಿತು. ಒಂದು ತಿಂಗಳು ನಾನು ಟೋಪಿಯಲ್ಲೇ ತಿರುಗಿದೆ.

ಇಷ್ಟಕ್ಕೇ ಬಿಡುವವನಾದರೆ ನಾನು ಬಡಗಿಯಲ್ಲ. ಅಂಗಡಿಯ ಪ್ಲಾಸ್ಟಿಕ್ ಪಟ್ಟಿ ನನ್ನ ಕಣ್ಣಿಗೆ ತೀರಾ ಬಡಕಲಾಗಿ ಕಾಣತೊಡಗಿತು. ಮರದ ಪಟ್ಟಿಯನ್ನೇ ತಲೆಯ ಆಕಾರಕ್ಕೆ ಬಗ್ಗಿಸಿ ಹಾಕಬೇಕು! ಮರ ಬಗ್ಗಬೇಕಾದರೆ ಹಬೆಯಲ್ಲಿ ಬೇಯಬೇಕು. ಮನೆಯ ದೊಡ್ಡ ಅನ್ನದ ಪಾತ್ರೆಯನ್ನು ಒಲೆಗೇರಿಸಿ ನೀರು ಹಾಕಿ ಪಟ್ಟಿಯನ್ನು ಹಬೆಗೆ ಹಿಡಿದೆ. ಅಷ್ಟರಲ್ಲಿ ಗಿರಾಕಿಯ ಫೋನು. ಮಾತು ಮುಗಿಸಿ ಬಂದಾಗ ನೀರು ಆರಿ, ಪಾತ್ರೆಯ ತಳ ಕಪ್ಪಾಗಿ, ನಟ್ಟನಡುವೆ ಒಂದು ತೂತು ಬಿದ್ದಿತ್ತು. ಹೆಂಡತಿಯ ಅತ್ಯಂತ ಪ್ರೀತಿಯ ಪಾತ್ರೆ ಅದು. ಒಲೆ ಏಕೋ ಉರಿ ಜಾಸ್ತಿ ಉಗುಳುತ್ತಿದೆ, ರಿಪೇರಿ ಮಾಡಿಸಬೇಕು ಎಂದು ಅವಳ ಎದುರು ಒಲೆಯನ್ನೇ ಬೈದೆ. ಆದರೆ ಪಟ್ಟಿ ಮಾತ್ರ ಬಗ್ಗಿತ್ತು. ತಲೆಗೇರಿಸಿಕೊಂಡರೆ ನೊಗ ಹೊತ್ತ ಎತ್ತಿನ ಹಾಗೆ ಕಾಣುತ್ತಿದ್ದೆ, ಅದನ್ನು ಹೇಳಿದ್ದು ತಂತಿರಾಯ.

ಹಾಡಿನ ಶಬ್ದ ಮೊದಲ ದಿನ ಮಿತವಾಗಿತ್ತು, ಎರಡನೇ ದಿನ ಸ್ವಲ್ಪ ಏರಿಸಿದೆ, ವಾರದ ಕೊನೆಗೆ ಗುಂಡಿ ತಿರುಗುವಷ್ಟೂ ತಿರುಗಿತ್ತು. ತಂತಿರಾಯ ಬಂದವನು ಕಿವಿಚಿಪ್ಪನ್ನು ಒಮ್ಮೆ ಕಿವಿಗಿಟ್ಟು ಬೆಂಕಿ ಮುಟ್ಟಿದಂತೆ ಕೆಳಗಿಟ್ಟ.

"ಹೊರಗಿನ ಕಳ್ಳ ಬರಬಾರ್ದು ಅಂತ ಬಾಗ್ಲು ಹಾಕಿ, ಒಳಗೆ ನೀನೇ ಒಬ್ಬ ಕಳ್ಳನ್ನ ಕೂರಿಸ್ಕೊಂಡಿದೀಯಲ್ಲೋ," ಎಂದ.

ಅವನೇ ತಂತಿಯ ನಡುವೆ ಏನೋ ಒಂದು ಕಡ್ಡಿಯಂಥದ್ದನ್ನು ಬೆಸೆದ. ಇನ್ನು ನೀನು ಎಷ್ಟು ತಿರುಗಿಸಿದರೂ ಪಕ್ಕದಲ್ಲಿ ಕೂತವರು ಸಾಧಾರಣವಾಗಿ ಮಾತಾಡಿದಷ್ಟೇ ಕೇಳಿಸುತ್ತದೆ, ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ ಎಂದ. ಹಾಗೇ ಆಯಿತು. ಹೊರಗೆ ಪ್ಲೇನರಿನ ಗೊರಕೆ, ಒಳಗೆ ನನ್ನ ಹಾಡು. ಎರಡು ತಿಂಗಳ ತಪಸ್ಸು ಫಲಿಸಿತ್ತು. ಬಲಗಿವಿಯ 'ಗುಂಯ್' ಕೂಡ ಹಾಡಿನ ಹಿಂದೆ ಅಡಗಿ ಕೂತಿತು. ಉಳಿದ ಕಿವಿಯನ್ನು ನಾನು ಉಳಿಸಿಕೊಂಡೆ ಎಂದು ಸಿಕ್ಕಸಿಕ್ಕವರಿಗೆಲ್ಲ ಸಾರಿಕೊಂಡು ಬಂದೆ.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಸುಖಾಂತ. ಆದರೆ ಮೆಚ್ಚುಗೆ ಇಲ್ಲದೆ ನನಗೆ ಅನ್ನ ಅರಗುವುದಿಲ್ಲ. ಹೆಂಡತಿಯಿಂದ ಒಂದು ಭೇಷ್ ಸಿಗಬೇಕಿತ್ತು. ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳನ್ನು ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕೂರಿಸಿ, ಕಿರೀಟಧಾರಣೆಯ ಗಾಂಭೀರ್ಯದಲ್ಲಿ ಕಿವಿಚಿಪ್ಪನ್ನು ಅವಳ ತಲೆಗಿಟ್ಟೆ. ಹಾಡಿನ ಗುಂಡಿ ಒತ್ತಿದೆ. ಹೊರಗಿರುವ ನನಗೆ ಹಾಡು ಕೇಳಿಸದು, ಆದರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬಾಯಿಪಾಠ. ಎದುರು ನಿಂತು ಹಲಗೆಯ ಮೇಲೆ ಬೆರಳಲ್ಲಿ ತಾಳ ಹಾಕತೊಡಗಿದೆ. ಅವಳು ತಾಳಕ್ಕೆ ಸರಿಯಾಗಿ ತಲೆದೂಗಿದಳು. ಕಣ್ಣಲ್ಲೇ ಮೆಚ್ಚಿಕೊಂಡಳು.

"ಬಹಳ ಚೆನ್ನಾಗಿದೆ ರೀ," ಎಂದಳು. "ಒಳಗೇ ಕೂತು ಹಾಡ್ದಂಗಿದೆ."

ನಾನು ಉಬ್ಬಿಹೋದೆ. ಉಬ್ಬಿದವನ ಕಣ್ಣು ಕೆಳಗೆ ಬಿತ್ತು. ಹಾಡಿನ ಪೆಟ್ಟಿಗೆಗೆ ಸಿಕ್ಕಿಸಬೇಕಾದ ತಂತಿಯ ತುದಿ ಮರದ ಹೊಟ್ಟಿನಲ್ಲಿ ಬಿದ್ದಿತ್ತು. ಸಿಕ್ಕಿಸಿಯೇ ಇರಲಿಲ್ಲ.

ಓಹೋ, ನನಗೇ ಆಟ ಕಟ್ಟುತ್ತಿದ್ದಾಳೆ ಎಂದುಕೊಂಡೆ. ಆಟಕ್ಕೆ ಆಟ ಎಂದು ತಾಳ ನಿಧಾನ ಮಾಡಿದೆ. ಅವಳ ತಲೆಯೂ ನಿಧಾನವಾಯಿತು. ಅವಸರದ ತಾಳ ಹಾಕಿದೆ, ಅವಸರವಾಯಿತು. ಬೆರಳು ನಿಲ್ಲಿಸಿದೆ. ಅವಳ ತಲೆ ನಿಂತಿತು. ಅವಳ ಕಣ್ಣು ನನ್ನ ಬೆರಳಿನ ಮೇಲೇ ಇತ್ತು. ನಾನು ಗಹಗಹಿಸಿ ನಗಲು ಬಾಯಿ ತೆರೆದೆ. ಮುಖ ನೋಡಿದೆ. ಅಲ್ಲಿ ಕೀಟಲೆಯ ಗುರುತಿರಲಿಲ್ಲ. ಪರೀಕ್ಷೆಯಲ್ಲಿ ಪಕ್ಕದವರ ಉತ್ತರ ನೋಡಿ ಬರೆಯುತ್ತಿರುವವರ ಮುಖ ಅದು.

ಅವಳು ಕಿವಿಚಿಪ್ಪು ತೆಗೆದಿಟ್ಟು, ಪೊರಕೆ ಹಿಡಿದು, ನನಗೆ ಬೆನ್ನು ಹಾಕಿ ಹೊಟ್ಟು ಗುಡಿಸತೊಡಗಿದಳು. ಮಿಷನ್ ಎರಡೂ ಆಫ್ ಆಗಿದ್ದವು. ಮೂರು ಹೆಜ್ಜೆ ಹಿಂದೆ ನಿಂತು, ಪಕ್ಕದಲ್ಲಿ ಕೂತವರು ಸಾಧಾರಣವಾಗಿ ಮಾತಾಡಿದಷ್ಟೇ ದನಿಯಲ್ಲಿ, "ಇವಳೇ," ಎಂದೆ. ಪೊರಕೆ ನಿಲ್ಲಲಿಲ್ಲ. "ಮನೆಗೆ ಬೆಂಕಿ ಬಿದ್ದಿದೆ," ಎಂದೆ. ಪೊರಕೆ ನಿಲ್ಲಲಿಲ್ಲ. ಆಮೇಲೆ ಧೈರ್ಯ ಮಾಡಿ, "ನಿನ್ನ ಪಾತ್ರೆ ತೂತು ಮಾಡಿದ್ದು ಒಲೆ ಅಲ್ಲ, ನಾನು," ಎಂದೆ. ಈ ಮಾತಿಗೆ ತಿರುಗಿ ನೋಡದ ಹೆಂಡತಿ ಲೋಕದಲ್ಲಿಲ್ಲ. ನನ್ನ ಹೆಂಡತಿ ಗುಡಿಸುತ್ತಾ ಮೂಲೆಯವರೆಗೆ ಹೋದಳು, ಮೊರಕ್ಕೆ ಹೊಟ್ಟು ತುಂಬಿಕೊಂಡಳು.

ನಾನು ಹಲಗೆಯ ರಾಶಿಯ ಮೇಲೆ ಕೂತೆ. ಇಷ್ಟು ದಿನ ಕಣ್ಣೆದುರಿಗೇ ಇದ್ದದ್ದೆಲ್ಲ ಒಂದೊಂದಾಗಿ ಬಂದು ಎದುರು ನಿಂತಿತು. ಹಾಲು ಕಾಯಲಿಟ್ಟರೆ ಉಕ್ಕುವವರೆಗೆ ಅವಳು ಒಲೆಯ ಮುಂದಿನಿಂದ ಕದಲುವುದಿಲ್ಲ. ಅದನ್ನು ನಾನು ಶ್ರದ್ಧೆ ಎಂದುಕೊಂಡಿದ್ದೆ. ಎಲ್ಲೇ ಕೂತರೂ ಬೀದಿ ಬಾಗಿಲಿಗೆ ಮುಖ ಮಾಡಿಯೇ ಕೂರುತ್ತಾಳೆ. ಅದನ್ನು ನಾನು ಕುತೂಹಲ ಎಂದುಕೊಂಡಿದ್ದೆ. ಫೋನು ಬಂದರೆ ನೀವೇ ಮಾತಾಡಿ ಎಂದು ನನ್ನ ಕೈಗೆ ಕೊಡುತ್ತಾಳೆ. ಅದನ್ನು ಗೌರವ ಎಂದುಕೊಂಡಿದ್ದೆ! ವಯಸ್ಸಾಗುತ್ತಾ ಮಾತು ಕಡಿಮೆ ಮಾಡಿದ್ದಾಳೆ, ಒಳ್ಳೆಯ ಲಕ್ಷಣ ಎಂದು ಸ್ನೇಹಿತರ ಮುಂದೆ ಹೊಗಳಿಯೂ ಇದ್ದೆ.

ಅವಳು ತಿರುಗಿ ನನ್ನನ್ನು ನೋಡಿದಳು. ಮುಖ ನೋಡುತ್ತಲೇ ಅರ್ಥವಾಯಿತೆಂದು ಕಾಣುತ್ತದೆ, ಮುಖ ಓದುವುದೇ ಅವಳ ಕಸುಬಾಗಿತ್ತಲ್ಲ. ಮೊರ ಕೆಳಗಿಟ್ಟು ಎದುರಿನ ಸ್ಟೂಲಿನ ಮೇಲೆ ಕೂತಳು.

"ಎಷ್ಟು ದಿನದಿಂದ?" ಎಂದೆ.

"ನಾಲ್ಕು ವರ್ಷ ಆಯ್ತು. ಮೊದ್ಲು ಎಡಗಿವಿ. ಆಮೇಲೆ ಎರಡೂ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪ್ಲೇನರ್ ಆ ಕಡೆ ಯಾರು ನಿಲ್ಲೋರು? ಮಿಷನ್ ಹತ್ರ ಹೇಗಿದ್ರೂ ಮಾತಿರಲ್ಲ. ಕೈಸನ್ನೆ ಇದೆ. ಸಾಗ್ತಾ ಇತ್ತು," ಎಂದಳು.

ಹಲಗೆ ಹೊರಬರುವ, ಅವಳು ನಿಲ್ಲುವ ಬದಿಯಲ್ಲೇ ಪ್ಲೇನರಿನ ಹೊಟ್ಟು ಉಗುಳುವ ಗಾಳಿಬಾಯಿ ಇದೆ, ಊಳೆಲ್ಲ ಅಲ್ಲಿಂದಲೇ ಬರುವುದು. ಮಿಷನ್ ತಂದ ದಿನ ನನ್ನ ಕಡೆಗೆ ಕಿಟಕಿ ಬೆಳಕು ಬೀಳಲಿ ಎಂದು ಹಾಗೆ ತಿರುಗಿಸಿ ಇಟ್ಟವನು ನಾನೇ. ಅದನ್ನು ಅವಳು ಹೇಳಲಿಲ್ಲ, ನನಗೇ ನೆನಪಾಯಿತು. ಕಿವಿಯಲ್ಲಿ ಏನಾದರೂ ಶಬ್ದ ಇದೆಯೇ, ನನಗಿರುವ ಹಾಗೆ, ಎಂದು ಕೇಳಿದೆ. ಇಡೀ ದಿನ ಪ್ಲೇನರ್ ಓಡುತ್ತಲೇ ಇರುತ್ತದೆ, ನಿದ್ದೆಯಲ್ಲೂ ಆರುವುದಿಲ್ಲ ಎಂದಳು. ನಿಮ್ಮ ಚಿಪ್ಪು ಹಾಕಿಕೊಂಡಾಗಲೂ ಅದೇ ಓಡುತ್ತಿತ್ತು, ನಿಮ್ಮ ಬೆರಳು ಮಾತ್ರ ಹಾಡುತ್ತಿತ್ತು, ಎರಡು ತಿಂಗಳು ಕಷ್ಟಪಟ್ಟಿದ್ದೀರಲ್ಲ ಎಂದು ಚೆನ್ನಾಗಿದೆ ಅಂದೆ ಎಂದಳು.

ಆಮೇಲೆ ತನ್ನ ಅಮ್ಮನ ಮಾತೆತ್ತಿದಳು. ಅತ್ತೆ ತೀರಿಕೊಂಡು ಒಂದೂವರೆ ವರ್ಷವಾಗಿತ್ತು.

"ಹೋಗೋ ಮೂರು ದಿನ ಮುಂಚೆ ಅಮ್ಮ ಫೋನ್ ಮಾಡಿದ್ಲಲ್ಲ. ಬಹಳ ಹೊತ್ತು ಮಾತಾಡಿದ್ಲು. ನಾನು ಹೂಂ, ಹೂಂ ಅಂತಿದ್ದೆ. ಏನು ಹೇಳಿದ್ಲೋ ನಂಗೆ ಇವತ್ತಿಗೂ ಗೊತ್ತಿಲ್ಲ."

ಆ ದಿನ ನನಗೆ ನೆನಪಿತ್ತು. ಏನಂತೆ ಅತ್ತೆ ಎಂದು ಕೇಳಿದ್ದೆ, ಏನಿಲ್ಲ, ಚೆನ್ನಾಗಿದ್ದಾಳಂತೆ ಎಂದಿದ್ದಳು. ನಾನು ಆಗಲಿ ಎಂದು ಹಲಗೆ ಅಳೆಯಲು ಹೋಗಿದ್ದೆ. ಏನೂ ತೋಚದಾಗಲೆಲ್ಲ ಮಾಡುವ ಹಾಗೆ, ಸಿಟ್ಟು ಮಾಡಿಕೊಂಡೆ. ಡಾಕ್ಟರ ಹತ್ತಿರ ಹೋದ ದಿನವಾದರೂ ಹೇಳಬಹುದಿತ್ತಲ್ಲ, ಪಕ್ಕದಲ್ಲೇ ಕೂತಿದ್ದೆಯಲ್ಲ ಎಂದು ದನಿಯೇರಿಸಿದೆ.

"ಹೇಳ್ಬೇಕು ಅಂತಲೇ ಬಂದಿದ್ದೆ," ಎಂದಳು. "ಮಿಷನ್ ಹತ್ರ ನಿಮ್ಜೊತೆ ಬೇರೆ ಯಾರಾದ್ರೂ ಕೆಲ್ಸ ಮಾಡ್ತಾರಾ ಅಂತ ಡಾಕ್ಟ್ರು ಕೇಳಿದ್ರು. ನೀವು ಏನಂದ್ರಿ ಅಂತ ತುಟಿ ನೋಡ್ದೆ. ಯಾರೂ ಇಲ್ಲ ಅಂದ್ರಿ."

ಓದುಗರು ಕ್ಷಮಿಸಬೇಕು, ಡಾಕ್ಟರ ಪ್ರಸಂಗ ಬರೆಯುವಾಗ ಈ ಒಂದು ಪ್ರಶ್ನೋತ್ತರವನ್ನು ನಾನು ಬಿಟ್ಟುಬಿಟ್ಟಿದ್ದೆ. ಬೇಕೆಂದೇ ಬಿಟ್ಟೆ. ಬರೆದರೆ ಮೊದಲಿಗೇ ನನ್ನ ಬಂಡವಾಳ ಬಯಲಾಗುತ್ತಿತ್ತು. ಸುಳ್ಳು ಹೇಳಬೇಕೆಂದು ಹಾಗೆ ಹೇಳಿದವನಲ್ಲ ನಾನು. ಕೆಲಸ ಮಾಡುವವರು ಎಂದಾಗ ಅವಳು ನೆನಪಿಗೇ ಬರಲಿಲ್ಲ, ಅಷ್ಟೆ. ಸುಳ್ಳಾಗಿದ್ದರೂ ವಾಸಿಯಿತ್ತು.

ಮರುದಿನವೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅದೇ ಗಾಜಿನ ಗೂಡು, ಅದೇ ಗುಂಡಿ. ನಾನು ಹೊರಗೆ ನಿಂತು ನೋಡುತ್ತಿದ್ದೆ. ಮೊದಮೊದಲು ಅವಳು ಟಕ್ ಟಕ್ ಎಂದು ಸರಿಯಾಗಿ ಒತ್ತತೊಡಗಿದಳು. ನನಗೆ ಜೀವ ಬಂದಂತಾಯಿತು. ಆದರೆ ಪರೀಕ್ಷೆ ಮಾಡುವಾಕೆ ತುಂಬ ಜಾಣೆ. ಒಳಗೆ ಹೋಗಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಬಂದಳು. ಶಬ್ದ ಬಿಡುವಾಗ ಈಕೆಯ ಭುಜ ಅಲುಗುವುದನ್ನು ನೋಡಿ ನನ್ನ ಹೆಂಡತಿ ಒತ್ತುತ್ತಿದ್ದಳಂತೆ! ಗೋಡೆಯ ಕಡೆ ತಿರುಗಿದ ಮೇಲೆ ಅವಳ ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ಕಾಯುತ್ತಾ ಕೂತಿತ್ತು. ಎಷ್ಟೋ ಹೊತ್ತಿಗೊಮ್ಮೆ ಒತ್ತುತ್ತಿತ್ತು. ಗಾಜಿನ ಹೊರಗೆ ನಿಂತು ಆ ಹೆಬ್ಬೆರಳನ್ನು ನೋಡುತ್ತಾ, ಒತ್ತು ಮಾರಾಯ್ತಿ, ಒತ್ತು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಕಾಗದ ಬಂತು. ನನ್ನ ಗೆರೆ ಸ್ವಲ್ಪ ದೂರವಾದರೂ ನಡೆದು ಬಿದ್ದಿತ್ತು. ಅವಳ ಗೆರೆ ಶುರುವಾಗುವುದೇ ಕೆಳಗಿನಿಂದ. ಡಾಕ್ಟರು ಕಾಗದ ನೋಡಿದರು, ಅವಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಇವರೆಲ್ಲಿ ಕೆಲಸ ಮಾಡುವುದು ಎಂದು ಕೇಳಿದರು. ನನ್ನ ಜೊತೆ ಎಂದೆ. ಅವರು ಪೆನ್ನಿನ ತುದಿಯಿಂದ ಮೇಜನ್ನು ಎರಡು ಸಲ ತಟ್ಟಿದರು, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಹೋದದ್ದು ತಿರುಗಿ ಬರುವುದಿಲ್ಲ ಎಂಬ ಅದೇ ಮಾತನ್ನು ಅವಳ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಅವಳಿಗೇ ಹೇಳಿದರು. ಕಿವಿಗೆ ಯಂತ್ರ ಹಾಕಿದರೆ ಎದುರಿನವರ ಮಾತು, ಅದೃಷ್ಟವಿದ್ದರೆ ಹಿಂದಿನವರ ಮಾತೂ ಸ್ವಲ್ಪ ಕೇಳಿಸಬಹುದು ಎಂದರು. ಒಳಗೆ ಓಡುವ ಪ್ಲೇನರಿಗೆ ಮಾತ್ರ ತಮ್ಮಲ್ಲಿ ಔಷಧಿಯಿಲ್ಲ ಎಂದರು.

ಮನೆಗೆ ಬಂದು ಕಿವಿಚಿಪ್ಪಿನಿಂದ ಸ್ಪೀಕರ್ ಎರಡನ್ನೂ ಕಿತ್ತು ತಂತಿರಾಯನಿಗೆ ವಾಪಸ್ ಕೊಟ್ಟೆ. ತೂತಿಗೆ ಮೇಣ ತುಂಬಿ, ಮರದ ಪಟ್ಟಿಯನ್ನು ಅವಳ ತಲೆಯ ಅಳತೆಗೆ ಮತ್ತೆ ಬಗ್ಗಿಸಿದೆ. ಈ ಸಲ ಹಬೆ ಮುಗಿಯುವವರೆಗೆ ಒಲೆಯ ಮುಂದಿನಿಂದ ಕದಲಲಿಲ್ಲ. ನನಗೆ ಅಂಗಡಿಯ ಪ್ಲಾಸ್ಟಿಕ್ ಪಟ್ಟಿಯದೇ ಒಂದು ಸಾಕಾಯಿತು. ಪ್ಲೇನರಿನ ಗಾಳಿಬಾಯಿಯನ್ನು ಗೋಡೆ ಒಡೆದು ಹೊರಕ್ಕೆ ತಿರುಗಿಸಿದೆ, ಕಿಟಕಿ ಬೆಳಕಿನ ಬದಿ ಅವಳದಾಯಿತು. ನಾನೀಗ ಕತ್ತಲ ಬದಿಯಲ್ಲಿ ನಿಂತು ಹಲಗೆ ಎಳೆದುಕೊಳ್ಳುತ್ತೇನೆ. ನನ್ನ 'ಗುಂಯ್' ಹಾಡಿನ ಹಿಂದಿನಿಂದ ಎದ್ದು ಬಂದು ಮೊದಲಿನಂತೆ ಜೊತೆಗೇ ಇದೆ.

ಅವಳ ಕಿವಿಯ ಯಂತ್ರ ಬಂದು ಹನ್ನೊಂದನೇ ದಿನದ ಸಂಗತಿ ಇದು. ಮೊದಲ ಹತ್ತು ದಿನ ಅದರಲ್ಲಿ ಕರಕರ, ಪಾತ್ರೆಯ ಸದ್ದು ಬಿಟ್ಟು ಬೇರೇನೂ ಬರುತ್ತಿಲ್ಲ ಎನ್ನುತ್ತಿದ್ದಳು. ನಾನು ಹಿಂದಿನಿಂದ ಮೆಲ್ಲಗೆ ಕರೆದು ನೋಡುವುದು, ಅವಳು ತಿರುಗದಿರುವುದು, ನಾನು ಸುಮ್ಮನಾಗುವುದು ನಡೆದೇ ಇತ್ತು. ಆ ದಿನ ಶಾಲೆಯ ಹೆಡ್‌ಮಾಸ್ಟರು ತಮ್ಮ ಹೊಸ ಬಾಗಿಲು ನೋಡಲು ಬಂದರು. ಹೆಂಡತಿ ಕಿಟಕಿಯ ಹತ್ತಿರ, ನಮಗೆ ಬೆನ್ನು ಹಾಕಿ, ಇನ್ನೊಂದು ಹಲಗೆಗೆ ಉಪ್ಪುಕಾಗದ ಉಜ್ಜುತ್ತಿದ್ದಳು. ಹೆಡ್‌ಮಾಸ್ಟರು ಬಾಗಿಲಿನ ಮೇಲೆ ಅಂಗೈಯಾಡಿಸಿದರು. ಇನ್ನೊಂದು ಸಲ ಆಡಿಸಿದರು.

"ಏನು ನುಣುಪಪ್ಪಾ ಇದು! ಬಾಗಿಲು ಯಾರು ಬೇಕಾದ್ರೂ ಮಾಡ್ತಾರೆ, ಈ ನುಣುಪು ಎಲ್ಲಿಂದ ತರ್ತಾರೆ?" ಎಂದರು.

ಹೊಗಳಿಕೆ ಕಿವಿಗೆ ಬಿದ್ದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ದನಿ ತಗ್ಗಿಸಿ, ವಿನಯದಿಂದ, ತಲೆ ಕೆರೆದುಕೊಳ್ಳುತ್ತಾ, "ಏನ್ ಮಾಡೋದು ಸಾರ್, ಎಂಟು ದಿನ ಕೂತು ನಾನೇ ಉಜ್ಜಿದೀನಿ," ಎಂದೆ.

ಕಿಟಕಿಯ ಹತ್ತಿರ ಉಪ್ಪುಕಾಗದದ ಸದ್ದು ನಿಂತಿತು. ಅವಳು ತಿರುಗಲಿಲ್ಲ, ನನ್ನ ತುಟಿ ನೋಡಲಿಲ್ಲ.

"ಕೇಳಿಸ್ತು," ಎಂದಳು.